ಗೋಡೆಗೆ ಹಾಕಿಸಿದ ರೈನ್‌ಕೋಟ್

ಮೇಸ್ತ್ರಿ ಕರಣೆಯ ಹಿಡಿಯಿಂದ ಗೋಡೆಯನ್ನು ಟಕ್ ಟಕ್ ಎಂದು ಬಡಿದರು. ಟೊಳ್ಳು ಸದ್ದು. ಕರಣೆಯ ತುದಿಯನ್ನು ಬಿರುಕಿಗೆ ತೂರಿಸಿ ಮೆಲ್ಲಗೆ ಮೀಟಿದರು. ಕಾದ ಕಾವಲಿಯಿಂದ ದೋಸೆ ಎದ್ದ ಹಾಗೆ ಎರಡು ಅಡಿ ಅಗಲದ ಸಿಮೆಂಟ್ ಪ್ಲಾಸ್ಟರ್ ಕಳಚಿ ಬಿತ್ತು. ಹಿಂದಿನ ಮಣ್ಣು ಹಸಿಹಸಿ. ಹೆಬ್ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಆಗ ಮಾರ್ಚ್ ತಿಂಗಳು. ಮಳೆ ನಿಂತು ನಾಲ್ಕು ತಿಂಗಳಾಗಿತ್ತು.

"ಗೋಡೆಗೆ ರೈನ್‌ಕೋಟ್ ಹಾಕ್ಸಿದ್ದೀರಲ್ಲ ಮಾರಾಯ್ರೇ, ಒಳಗಿನ ಬೆವರು ಎಲ್ಲಿಗೆ ಹೋಗ್ಬೇಕು?" ಅಂದರು ಮೇಸ್ತ್ರಿ.

ಆ ಪ್ಲಾಸ್ಟರ್ ಮಾಡಿದ್ದು ನಾನೇ. ಸಕಲೇಶಪುರದ ಹತ್ತಿರದ ನಮ್ಮ ಹಳೇ ಮನೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮಂಗಳೂರು ಹೆಂಚು, ಹಲಸಿನ ಕಂಬಗಳ ಮನೆ. ಆರು ವರ್ಷದ ಹಿಂದೆ ಗೋಡೆಯ ಬುಡದಲ್ಲಿ ಸುಣ್ಣ ಉದುರುತ್ತಿತ್ತು. ನಾನು ಎರಡು ಮೂಟೆ ಸಿಮೆಂಟ್ ತಂದು, ಸೊಂಟದೆತ್ತರಕ್ಕೆ ಬಳಿದು, ಮೇಲೆ ದುಬಾರಿ ಪೇಂಟ್ ಹೊಡೆದು, ಒಂದು ಮಳೆಗಾಲ ಬೀಗಿದ್ದೆ. ಎರಡನೇ ಮಳೆಗಾಲಕ್ಕೆ ಪೇಂಟ್ ಗುಳ್ಳೆ ಎದ್ದಿತು. ಮೂರನೆಯದಕ್ಕೆ ಒದ್ದೆ ಸೊಂಟ ದಾಟಿ ಎದೆಮಟ್ಟಕ್ಕೆ ಏರಿತ್ತು. ನೀರು ಬರದ ಹಾಗೆ ತಡೆದರೆ ನೀರು ಇನ್ನೂ ಮೇಲೆ ಹೋಗುವುದು ಎಂದರೇನು?

ನೆಲದಲ್ಲಿರುವ ನೀರು ಗೋಡೆ ಹತ್ತುವುದು ಸೀಮೆಎಣ್ಣೆ ಬತ್ತಿ ಹತ್ತುವ ಹಾಗೆ. ಸಣ್ಣ ಕೊಳವೆಯ ಒಳಮೈಗೆ ನೀರು ಅಂಟಿಕೊಳ್ಳುತ್ತದೆ, ಅಂಟುತ್ತಾ ಮೇಲಕ್ಕೆ ಎಳೆದುಕೊಳ್ಳುತ್ತದೆ. ಕೊಳವೆ ಸಣ್ಣದಾದಷ್ಟೂ ಏರಿಕೆ ಜಾಸ್ತಿ. 1 ಮಿಲಿಮೀಟರ್ ವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರುತ್ತದೆ. ಅದರ ಹತ್ತನೇ ಒಂದು ಭಾಗದ ಕೊಳವೆಯಲ್ಲಿ 30 ಸೆಂಟಿಮೀಟರ್. ಮಣ್ಣಿನ ಗೋಡೆಯ ಒಳಗಿನ ಸಂದುಗಳು ಇದಕ್ಕಿಂತಲೂ ಸಣ್ಣ. ಲೆಕ್ಕದ ಪ್ರಕಾರ ನೀರು ಹೆಂಚಿನವರೆಗೂ ಹೋಗಬಹುದಿತ್ತು. ಹಳೇ ಮನೆಗಳಲ್ಲಿ ಹಾಗೆ ಆಗುವುದಿಲ್ಲ. ಯಾಕೆಂದರೆ ಏರುವ ನೀರು ದಾರಿಯಲ್ಲೇ ಗೋಡೆಯ ಎರಡೂ ಮೈಯಿಂದ ಆರಿ ಹೋಗುತ್ತಿರುತ್ತದೆ. ಏರುವುದು, ಆರುವುದು ಎಲ್ಲಿ ಸಮವಾಗುತ್ತದೋ ಅಲ್ಲಿಗೆ ಒದ್ದೆ ನಿಲ್ಲುತ್ತದೆ.

ನಾನು ಮಾಡಿದ್ದು ಆರುವ ದಾರಿಯನ್ನು ಮುಚ್ಚುವ ಕೆಲಸ. ಸೊಂಟದವರೆಗೆ ಸಿಮೆಂಟ್ ಇದ್ದರೆ ನೀರು ಸೊಂಟ ದಾಟಿ, ಸಿಮೆಂಟ್ ಮುಗಿದ ಕಡೆ ಹೊರಗೆ ಬರುತ್ತದೆ. ಅಷ್ಟೇ. ಮಣ್ಣು ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟ್ ಅದರ ಜೊತೆ ಕುಣಿಯುವುದಿಲ್ಲ. ಅದಕ್ಕೇ ಕೂದಲೆಳೆಯ ಬಿರುಕುಗಳು ಬೀಳುತ್ತವೆ. ಬಡಿಯುವ ಮಳೆಯನ್ನು ಆ ಬಿರುಕು ಒಳಗೆ ಹೀರುತ್ತದೆ. ಒಳಗೆ ಹೋದ ನೀರಿಗೆ ಹೊರಗೆ ಬರಲು ಅದೇ ಬಿರುಕು ಸಾಲದು. ಜೊತೆಗೆ ನೆಲದಿಂದ ಬಂದ ಉಪ್ಪು ಬೇರೆ. ನೀರು ಆರಿದಲ್ಲಿ ಉಪ್ಪು ಹರಳುಗಟ್ಟುತ್ತದೆ. ಆ ಹರಳು ಬೆಳೆಯುವಾಗ ಸುತ್ತಲಿನ ಗೋಡೆಯನ್ನು ತಳ್ಳುವ ಬಲ ಇಟ್ಟಿಗೆಯನ್ನೇ ಪುಡಿ ಮಾಡುವಷ್ಟಿರುತ್ತದೆ. ಗೋಡೆಯ ಮೇಲೆ ಹತ್ತಿಯಂತೆ ಬಿಳಿ ಪುಡಿ ಕಂಡರೆ ಅದು ಬೂಷ್ಟೇ ಆಗಬೇಕೆಂದಿಲ್ಲ. ನಾಲಿಗೆಗೆ ಹಾಕಿ ನೋಡಿ ಅನ್ನುವುದಿಲ್ಲ, ನೀರಿನಲ್ಲಿ ಹಾಕಿ ನೋಡಿ. ಉಪ್ಪಾದರೆ ಕರಗುತ್ತದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ವಿಚಾರ ಬೇರೆಯೇ ಇದೆ. ಗೋಡೆಯನ್ನು ಕೆಡಿಸುವ ಈ ಹೀರುವ ಗುಣವೇ ಗೋಡೆಯನ್ನು ನಿಲ್ಲಿಸಿರುವುದು. ಮಕ್ಕಳು ಹೊಳೆ ದಂಡೆಯಲ್ಲಿ ಗುಬ್ಬಿಮನೆ ಕಟ್ಟುವುದನ್ನು ನೋಡಿ. ಒಣ ಮರಳು ನಿಲ್ಲುವುದಿಲ್ಲ. ಸ್ವಲ್ಪ ಒದ್ದೆ ಮರಳು ನಿಲ್ಲುತ್ತದೆ. ನೀರು ಸುರಿದರೆ ಕುಸಿಯುತ್ತದೆ. ಕಾಳುಗಳ ನಡುವೆ ಚೂರೇ ಚೂರು ನೀರಿದ್ದಾಗ ಅದು ಎರಡೂ ಕಾಳನ್ನು ಹತ್ತಿರ ಎಳೆದು ಹಿಡಿಯುತ್ತದೆ. ಸಂದು ಪೂರ್ತಿ ತುಂಬಿದರೆ ಆ ಎಳೆತ ಇಲ್ಲವಾಗುತ್ತದೆ. ಮಣ್ಣಿನ ಗೋಡೆಗೆ ಬಲ ಬರುವುದು ಜೇಡಿಯ ಅಂಟಿನ ಜೊತೆ ಇದೇ ಎಳೆತದಿಂದ. ಹಾಗಾಗಿ ನೋಡಲು ಒಣಗಿದಂತಿರುವ ಗೋಡೆಯಲ್ಲೂ ತುಸು ತೇವ ಇದ್ದೇ ಇರುತ್ತದೆ, ಇರಲೂ ಬೇಕು. ನನ್ನ ಸಿಮೆಂಟಿನ ಹಿಂದೆ ಮಣ್ಣು ಹೆಬ್ಬೆರಳಿಗೆ ಬಾಗಿದ್ದು ಸಂದುಗಳೆಲ್ಲ ತುಂಬಿ ಹಿಡಿತ ಸಡಿಲವಾಗಿದ್ದರಿಂದ. ಇನ್ನೊಂದೆರಡು ಮಳೆಗಾಲ ಕಾದಿದ್ದರೆ ಪ್ಲಾಸ್ಟರ್ ಜೊತೆ ಗೋಡೆಯೂ ಬರುತ್ತಿತ್ತೇನೋ.

ಹಾಗಾದರೆ ರಿಪೇರಿ ಎಲ್ಲಿಂದ ಶುರು? ಗೋಡೆಯಿಂದ ಅಲ್ಲ, ಅಂಗಳದಿಂದ. ನಮ್ಮ ಕಡೆ ಕಾಫಿ ಒಣಗಿಸುವ ಕಣವನ್ನು ಮನೆ ಗೋಡೆಗೇ ತಾಗಿಸಿ ಕಾಂಕ್ರೀಟ್ ಮಾಡಿಸುವ ಚಾಳಿ ಇದೆ. ಕಸ ಗುಡಿಸಲು ಸುಲಭ, ನಿಜ. ಆದರೆ ಕಣದ ಅಡಿಯ ನೆಲದ ತೇವಕ್ಕೆ ಆರಲು ಜಾಗವಿಲ್ಲ. ಉಳಿದ ಒಂದೇ ದಾರಿ ಗೋಡೆ. ಮೇಲಿಂದ ಸೂರಿನ ನೀರು ಕಾಂಕ್ರೀಟ್ ಮೇಲೆ ಬಿದ್ದು ಮೊಣಕಾಲೆತ್ತರಕ್ಕೆ ಸಿಡಿಯುತ್ತದೆ. ನಾವು ಗೋಡೆಯುದ್ದಕ್ಕೂ ಎರಡು ಅಡಿ ಅಗಲ ಕಾಂಕ್ರೀಟ್ ಕತ್ತರಿಸಿ ತೆಗೆದು, ಇಳಿಜಾರಾಗಿ ಚರಂಡಿ ತೋಡಿ, ಜಲ್ಲಿ ತುಂಬಿದೆವು. ತಳಪಾಯದ ಕಲ್ಲಿಗಿಂತ ಕೆಳಗೆ ಮಾತ್ರ ಅಗೆಯಬೇಡಿ. ಜಲ್ಲಿ ಮೇಲೆ ಬಿದ್ದ ಹನಿ ಅಷ್ಟಾಗಿ ಸಿಡಿಯುವುದಿಲ್ಲ ಅನ್ನುವುದು ಲಾಭ.

ಹೆಂಚನ್ನೂ ನೋಡಬೇಕು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆಯ ಹೆಂಚು ಘಟ್ಟ ಹತ್ತಿ ನಮ್ಮ ಸೂರಿಗೂ ಬಂತು. ಒಂದು ಹೆಂಚಿನ ಏಣು ಇನ್ನೊಂದರ ಕಾಲುವೆಯಲ್ಲಿ ಕೂರುವ ಜೋಡಣೆ ಅದರ ಜಾಣತನ. ಆ ಕಾಲುವೆಯಲ್ಲಿ ಸಿಲ್ವರ್ ಓಕ್ ಎಲೆ ಸಿಕ್ಕಿಕೊಂಡರೆ ಮುಗಿಯಿತು. ಕೊಳೆತ ಎಲೆ ಬತ್ತಿಯ ಕೆಲಸ ಮಾಡಿ ನೀರನ್ನು ಒಳಕ್ಕೆ ಎಳೆಯುತ್ತದೆ. ಹೆಂಚು ಸೋರುತ್ತದೆ ಎಂದು ಮೇಲೆ ತಗಡು ಹಾಕಿಸುವ ಮೊದಲು ಒಂದು ದಿನ ಏಣಿ ಇಟ್ಟು ಎಲೆ ಬಳಿದು ನೋಡಿ. ನಮ್ಮ ಮನೆಯಲ್ಲಿ ಅರ್ಧ ಸೋರಿಕೆ ಅಲ್ಲಿಗೇ ನಿಂತಿತು.

ಇನ್ನು ಗೋಡೆ. ಸಿಮೆಂಟ್ ಪೂರ್ತಿ ಕೆರೆದು, ಒಂದು ಬೇಸಿಗೆ ಹಾಗೇ ಬೆತ್ತಲೆ ಬಿಟ್ಟೆವು. ಬಂದವರೆಲ್ಲ "ಮನೆ ಕೆಡವ್ತಿದ್ದೀರಾ?" ಎಂದು ಕೇಳಿದರು. ಆಮೇಲೆ ಅದೇ ಜಾಗದ ಮಣ್ಣಿಗೆ ಕತ್ತರಿಸಿದ ಭತ್ತದ ಹುಲ್ಲು ಕಲಸಿ ಒಂದು ಪದರ. ಅದರ ಮೇಲೆ ತೆಳ್ಳಗೆ ಸುಣ್ಣ ಮತ್ತು ಮರಳಿನ ಗಾರೆ, ಒಂದಕ್ಕೆ ಮೂರು.

ಸುಣ್ಣದ ಕಥೆ ಸೊಗಸಾಗಿದೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. 100 ಕೆಜಿ ಶುದ್ಧ ಕಲ್ಲಿನಿಂದ ಉಳಿಯುವುದು 56 ಕೆಜಿ. ಅದಕ್ಕೆ ನೀರು ಸೇರಿದರೆ ಕೊತಕೊತ ಕುದಿಯುತ್ತಾ ಅರಳುತ್ತದೆ. ಈ ಕೆಲಸವನ್ನು ಹುಡುಗಾಟಕ್ಕೆ ಮಾಡಬಾರದು. ಯಾವಾಗಲೂ ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ ಇರಲೇಬೇಕು, ಒಂದು ಹನಿ ಸಿಡಿದರೂ ಕಣ್ಣು ಹೋಗಬಹುದು. ಅರಳಿದ ಸುಣ್ಣ ಗೋಡೆಗೆ ಬಂದ ಮೇಲೆ ತಾನು ಕಳೆದುಕೊಂಡ ಆ 44 ಕೆಜಿಯನ್ನು ಗಾಳಿಯಿಂದ ನಿಧಾನವಾಗಿ ವಾಪಸ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಎಲೆ ಅಡಿಕೆಯ ಸುಣ್ಣದ ಡಬ್ಬಿಯನ್ನು ತೆರೆದಿಟ್ಟರೆ ಗಟ್ಟಿಯಾಗುತ್ತದಲ್ವಾ, ಅಲ್ಲೂ ನಡೆಯುವುದು ಇದೇ. ನೀರಿನಡಿ ಮುಚ್ಚಿಟ್ಟರೆ ವರ್ಷಗಟ್ಟಲೆ ಬೆಣ್ಣೆಯ ಹಾಗಿರುತ್ತದೆ.

ಹೀಗೆ ಕಲ್ಲಾದ ಗಾರೆಯಲ್ಲಿ ಸಣ್ಣ ರಂಧ್ರಗಳು ಉಳಿದುಕೊಳ್ಳುತ್ತವೆ. ತೇವ ಅದರ ಮೂಲಕ ಆಚೆ ಬರುತ್ತದೆ. ಕೂದಲೆಳೆಯ ಬಿರುಕು ಬಿದ್ದರೆ ಮಳೆ ನೀರಲ್ಲಿ ತುಸು ಸುಣ್ಣ ಕರಗಿ, ಬಿರುಕಿನಲ್ಲೇ ಹರಳಾಗಿ ಕೂತು ತಾನೇ ಮುಚ್ಚುವುದೂ ಉಂಟು. ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ಹಳೇ ಚರ್ಚ್ ನೋಡಿದವರಿಗೆ ಇದು ನೆನಪಾಗಬಹುದು. 1860ರ ದಶಕದ ಕಟ್ಟಡ. ಗೊರೂರಿನ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ದರು ಎಂದು ಜನ ಹೇಳುತ್ತಾರೆ. ಮಾಡು ಹೋಗಿದೆ, ಗೋಡೆಯೂ ಅಲ್ಲಲ್ಲಿ ಬಿದ್ದಿದೆ. ಆದರೂ ಇಷ್ಟು ವರ್ಷ ನಿಂತಿದ್ದು ಸಣ್ಣ ಮಾತಲ್ಲ.

ಸುಣ್ಣಕ್ಕೆ ಅವಸರ ಆಗದು. ತೀರಾ ಒಣಗಿದರೆ ಗಟ್ಟಿಯಾಗುವುದಿಲ್ಲ, ತೀರಾ ಒದ್ದೆಯಿದ್ದರೂ ಇಲ್ಲ. ಗಾಳಿ ಒಳಗೆ ಹೋಗಬೇಕು, ಜೊತೆಗೆ ಚೂರು ತೇವವೂ ಇರಬೇಕು. ಅದಕ್ಕೆ ಒದ್ದೆ ಗೋಣಿಚೀಲ ನೇತುಹಾಕುವುದು. ನವೆಂಬರ್, ಡಿಸೆಂಬರ್ ಇದಕ್ಕೆ ಹೇಳಿ ಮಾಡಿಸಿದ ಕಾಲ. ಅದೇ ಸಮಯಕ್ಕೆ ಅರೇಬಿಕಾ ಕಾಫಿ ಹಣ್ಣಾಗಿ ಒಬ್ಬ ಆಳೂ ಸಿಗುವುದಿಲ್ಲ. ಹಾಗಾಗಿ ಅರ್ಧ ಗೋಡೆಯನ್ನು ನಾನೇ ಬಳಿದೆ, ಅದು ಅಂಕುಡೊಂಕಾಗಿಯೇ ಇದೆ.

ಅಟ್ಟದ ಮರದ್ದು ಇನ್ನೊಂದು ಪಾಠ. ಗ್ಯಾಸ್ ಬಂದ ಮೇಲೆ ಅಡುಗೆಮನೆಯ ತೊಲೆಗಳಿಂದ ಇಲ್ಲಣ, ಅಂದರೆ ಹೊಗೆಯ ಮಸಿ, ಗುಡಿಸಿ ಚೊಕ್ಕ ಮಾಡಿದ್ದೆವು. ನಾಲ್ಕೇ ವರ್ಷಕ್ಕೆ ಕುಟ್ಟೆ ಹುಳು ಬಿದ್ದು ಕೆಳಗೆ ಹಿಟ್ಟು ಉದುರತೊಡಗಿತು. ಮರ ಕೊಳೆಸುವ ಶಿಲೀಂಧ್ರಕ್ಕೆ ಮರದಲ್ಲಿ ಶೇಕಡ 20ಕ್ಕಿಂತ ಜಾಸ್ತಿ ತೇವ ಬೇಕು. ದಿನಾ ಉರಿಯುತ್ತಿದ್ದ ಸೌದೆ ಒಲೆ ಅಷ್ಟು ತೇವ ನಿಲ್ಲಲು ಬಿಡುತ್ತಿರಲಿಲ್ಲ. ಹೊಗೆಯ ಮಸಿ ಹುಳುವನ್ನು ದೂರ ಇಡುತ್ತಿತ್ತು. ಹಾಗಂತ ಅಮ್ಮನನ್ನು ಮತ್ತೆ ಹೊಗೆಯಲ್ಲಿ ಕೂರಿಸಲು ಆಗುತ್ತದೆಯೇ? ಅವಳ ಕೆಮ್ಮಿಗಿಂತ ತೊಲೆ ದೊಡ್ಡದಲ್ಲ. ಎರಡು ಗಾಜಿನ ಹೆಂಚು, ಗಾಳಿಯಾಡಲು ಗೋಡೆಯ ಮೇಲ್ತುದಿಯಲ್ಲಿ ಕಿಂಡಿ, ಹುಳು ಬಿದ್ದ ಎರಡು ಪಕಾಸಿಗೆ (ಹೆಂಚು ಹೊರುವ ಓರೆ ಮರ) ಬದಲಿ. ಸದ್ಯಕ್ಕೆ ಹಿಟ್ಟು ಉದುರುವುದು ನಿಂತಿದೆ.

ಸಿಮೆಂಟ್ ಮೇಲೆ ನನಗೇನೂ ದ್ವೇಷವಿಲ್ಲ. ಬಚ್ಚಲಿಗೆ, ನೀರಿನ ತೊಟ್ಟಿಗೆ ಅದೇ ಬೇಕು. ಪೇಟೆಯ ಕಾಂಕ್ರೀಟ್ ಮನೆಗೂ ಸರಿ.

ಪಡಸಾಲೆಯ ಮೂಲೆಯಲ್ಲಿ ಮಾತ್ರ ಈ ಸಲವೂ ಮೊಣಕಾಲಿನ ಮಟ್ಟಕ್ಕೆ ಬಿಳಿ ಗೆರೆ ಮೂಡಿದೆ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಲ್ಲಿ ಅಂಟಿಸಿದ್ದೆ. ಎರಡು ದಿನ ಬಿಟ್ಟು ನೋಡಿದರೆ ಹನಿ ಕೂತಿದ್ದು ಹಾಳೆಯ ಹಿಂದೆ. ಮುಂದೆ ಕೂತಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದರೆ ಸಾಕಿತ್ತು. ಹಿಂದೆ ಅಂದರೆ ಗೋಡೆಯದ್ದೇ. ಚರಂಡಿ ಆ ಮೂಲೆಯಲ್ಲಿ ಇಳಿಜಾರು ತಪ್ಪಿರಬೇಕು. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬೀಳುವ ಮೊದಲು ಒಮ್ಮೆ ಬಕೆಟ್ ನೀರು ಸುರಿದು ನೋಡಬೇಕು. ಅಲ್ಲಿಯವರೆಗೆ ಬೀರುವನ್ನು ಆ ಗೋಡೆಯಿಂದ ಒಂದು ಅಡಿ ದೂರ ಸರಿಸಿದ್ದೇನೆ.