ನಿಮ್ಮ ಕಣ್ಣು ಕಪ್ಪಲ್ಲ, ಕಂದು

ಕೈಗನ್ನಡಿ ಹಿಡಿದುಕೊಂಡು ಮನೆ ಮುಂದಿನ ಕಟ್ಟೆಗೆ ಬನ್ನಿ. ಬೆಳಗಿನ ಎಂಟರ ಹೊತ್ತು ಒಳ್ಳೆಯದು. ಬಳ್ಳಾರಿ, ರಾಯಚೂರು ಕಡೆ ಹತ್ತು ಗಂಟೆ ದಾಟಿತೆಂದರೆ ಬಿಸಿಲಿಗೆ ಕಣ್ಣು ತಾನಾಗಿಯೇ ಕಿರಿದಾಗುತ್ತದೆ, ಏನೂ ಕಾಣುವುದಿಲ್ಲ. ಸೂರ್ಯನಿಗೆ ಎದುರಾಗಿ ನಿಲ್ಲಬೇಡಿ, ಬೆಳಕು ಪಕ್ಕದಿಂದ ಬೀಳಲಿ. ಈಗ ನಟ್ಟನಡುವಿನ ಕಪ್ಪು ಪಾಪೆಯನ್ನು ಬಿಟ್ಟು ಅದರ ಸುತ್ತಲಿನ ಬಳೆಯನ್ನು ನೋಡಿ. ಇಷ್ಟು ದಿನ ಕಪ್ಪು ಎಂದುಕೊಂಡಿದ್ದ ಆ ಬಳೆ ಕಂದು ಬಣ್ಣದ್ದು. ಕೆಲವರದು ಹುಣಸೆಬೀಜದ ಗಾಢ ಕಂದು, ಕೆಲವರದು ಹಳೆ ಬೆಲ್ಲದ ಕೆಂಗಂದು, ಕೆಲವರದು ಜೇನಿನ ಹಾಗೆ ತಿಳಿಯಾಗಿ ಪಾಪೆಯ ಸುತ್ತ ಹೊಂಬಣ್ಣದ ಎಳೆ ಇರುವಂಥದ್ದು. ಅಪರೂಪಕ್ಕೆ ಹಸಿರು ಅಥವಾ ಬೂದು ಛಾಯೆ ಬೆರೆತ ಬೆಕ್ಕಿನ ಕಣ್ಣು. ಮೇಕಪ್ ಡಬ್ಬಿ ತೆರೆಯುವ ಮೊದಲು ಇವುಗಳಲ್ಲಿ ನಿಮ್ಮದು ಯಾವುದು ಎಂದು ಗೊತ್ತಾಗಬೇಕು.

ಕಂದು ಕಣ್ಣಿಗೆ ಯಾವ ಬಣ್ಣ ಹಚ್ಚಿದರೂ ಒಪ್ಪುತ್ತದೆ ಎನ್ನುವ ಮಾತು ಅರ್ಧ ನಿಜ. ಯಾವ ಬಣ್ಣವೂ ಅಸಹ್ಯವಾಗಿ ಕಾಣುವುದಿಲ್ಲ, ಅದು ಸರಿ. ಆದರೆ ಎಲ್ಲ ಬಣ್ಣವೂ ಆ ಕಂದನ್ನು ತೋರಿಸಿಕೊಡುವುದಿಲ್ಲ. ಹುಣಸೆಬೀಜದಂಥ ಕಣ್ಣಿಗೆ ಮೇಲೆ ಕೆಳಗೆ ಎರಡೂ ಕಡೆ ದಪ್ಪ ಕಪ್ಪು ಕಾಡಿಗೆ ಎಳೆದರೆ ಪಾಪೆ, ಬಳೆ, ಕಾಡಿಗೆ ಮೂರೂ ಸೇರಿ ಒಂದೇ ಕಪ್ಪಾಗುತ್ತವೆ. ಕಣ್ಣು ಎದ್ದು ಕಾಣುತ್ತದೆ, ಕಣ್ಣಿನ ಬಣ್ಣ ಕಾಣುವುದಿಲ್ಲ. ಕಾಡಿಗೆ ಬಿಡಿ ಎಂದು ಯಾರಿಗೂ ಹೇಳುತ್ತಿಲ್ಲ. ಬಿಳಿಗುಡ್ಡೆಯನ್ನು ಇನ್ನಷ್ಟು ಬೆಳ್ಳಗೆ ತೋರಿಸುವುದರಲ್ಲಿ ಕಾಡಿಗೆಗೆ ಸಾಟಿಯಿಲ್ಲ. ಎಲ್ಲಿ ಹಚ್ಚಬೇಕು, ಎಷ್ಟು ಹಚ್ಚಬೇಕು ಎಂಬುದಷ್ಟೇ ಪ್ರಶ್ನೆ.

ಕಣ್ಣಿಗೆ ಕಂದು ಬಣ್ಣ ಕೊಡುವುದು ಮೆಲನಿನ್, ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಅದೇ ವರ್ಣದ್ರವ್ಯ. ಚಿತ್ರ ಬರೆಯುವವರನ್ನು ಕೇಳಿದರೆ ಕಂದು ಎಂದರೆ ಗಾಢವಾದ ಕಿತ್ತಳೆ ಎನ್ನುತ್ತಾರೆ. ವರ್ಣಚಕ್ರದಲ್ಲಿ ಕಿತ್ತಳೆಯ ಎದುರಿಗೆ ಕೂರುವುದು ನೀಲಿ. ಎದುರು ಬದುರಿನ ಬಣ್ಣಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಇನ್ನೊಂದನ್ನು ಹೆಚ್ಚು ಮಾಡಿ ತೋರಿಸುತ್ತದೆ. ಇದನ್ನು 1839ರಲ್ಲಿ ನಿಯಮವಾಗಿ ಬರೆದಿಟ್ಟವನು ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೆಲ್, ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದವನು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ಸೀರೆ ಆರಿಸಿಯೇ ಗೊತ್ತು: ಇಳಕಲ್ ಸೀರೆಯ ಕೆಂಪು ದಡಿ ಹಸಿರು ಒಡಲಿನ ಪಕ್ಕ ಇದ್ದಾಗ ಉರಿಯುತ್ತದೆ, ಮರೂನ್ ಒಡಲಿನ ಪಕ್ಕ ಅದೇ ಕೆಂಪು ಮಂಕಾಗುತ್ತದೆ. ಕಣ್ಣಿನ ಲೆಕ್ಕವೂ ಇದೇ.

ಹಾಗಾಗಿ ಗಾಢ ಕಂದು ಕಣ್ಣಿಗೆ ಮೊದಲು ಕೊಳ್ಳಬೇಕಾದದ್ದು ಕಡುನೀಲಿ ಪೆನ್ಸಿಲ್. ಯಾವ ನೀಲಿ? ಬಳ್ಳಾರಿಯಲ್ಲಿ ಹೊಲಿದು ಇನ್ನೂ ವಾಷಿಂಗ್‌ಗೆ ಹೋಗದ ಜೀನ್ಸ್ ಬಟ್ಟೆಯ ನೀಲಿ. ಆಕಾಶನೀಲಿ ಬೇಡ, ಅದು ಕಣ್ಣಿಗಿಂತ ಮೊದಲು ತಾನೇ ಕಾಣುತ್ತದೆ. ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಂಬಿ ತರಬೇಡಿ. ಮಣಿಕಟ್ಟಿನ ಒಳಭಾಗದಲ್ಲಿ ಒಂದು ಗೆರೆ ಕಪ್ಪು ಕಾಜಲ್, ಪಕ್ಕದಲ್ಲಿ ಒಂದು ಗೆರೆ ನೀಲಿ ಎಳೆದು ಬಾಗಿಲಿಗೆ ಬಂದು ನೋಡಿ. ಮೂರಡಿ ದೂರಕ್ಕೆ ಎರಡೂ ಒಂದೇ ಎನಿಸಿದರೆ ಆ ನೀಲಿ ನಿಮ್ಮ ಕೆಲಸಕ್ಕಿಲ್ಲ, ಕಣ್ಣಂಚಿನ ಸಣ್ಣ ಗೆರೆಯಲ್ಲಿ ಅದು ಕಪ್ಪೇ ಆಗುತ್ತದೆ. ಒಂದು ಮೆಟ್ಟಿಲು ತಿಳಿಯಾದದ್ದನ್ನು ಕೇಳಿ. ಹಳದಿ ಬಲ್ಬಿನ ಕಲ್ಯಾಣ ಮಂಟಪದಲ್ಲಿ ನೀಲಿ ಇನ್ನೂ ಕಪ್ಪಾಗುತ್ತದೆ ಎಂಬುದು ನೆನಪಿರಲಿ. ಸಂಜೆಯ ರಿಸೆಪ್ಶನ್‌ಗೆ ಬೇಕಾದ ನೀಲಿ ಹಗಲಿಗೆ ಬೇಕಾದ್ದಕ್ಕಿಂತ ಕೊಂಚ ಹೊಳಪಾಗಿರಬೇಕು.

ಬೆಲ್ಲದ ಬಣ್ಣದ ಕಣ್ಣಿನವರಿಗೆ ನೀಲಿಯ ಜೊತೆ ಬದನೆಕಾಯಿ ಬಣ್ಣವೂ ಒಪ್ಪುತ್ತದೆ. ರೆಪ್ಪೆಯ ಮೇಲೆ ತಾಮ್ರ ಇಲ್ಲವೇ ಕಂಚಿನ ಹೊಳಪು ಕೊಟ್ಟರೆ ಆ ಕೆಂಗಂದಿನ ಒಳಗಿನ ಬಿಸುಪು ಮೇಲೆ ಬರುತ್ತದೆ. ಇಲ್ಲಿ ಕೆಲಸ ಮಾಡುವುದು ಎದುರಿನ ಬಣ್ಣವಲ್ಲ, ಅದೇ ಕುಟುಂಬದ ತಿಳಿ ಬಣ್ಣ. ಜೇನುಗಣ್ಣಿಗೆ ಪಾಚಿ ಹಸಿರು, ಕಡು ನೇರಳೆ. ಹಸಿರು ಬೆರೆತ ಬೆಕ್ಕಿನ ಕಣ್ಣಿಗೆ ಹಸಿರು ಹಚ್ಚುವ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ. ಹಸಿರಿಗೆ ಎದುರು ಕೆಂಪು, ಆದ್ದರಿಂದ ನೇರಳೆಹಣ್ಣಿನ ಅಥವಾ ದ್ರಾಕ್ಷಾರಸದ ಛಾಯೆ ಹಚ್ಚಿದಾಗಲೇ ಆ ಹಸಿರು ಹೊರಬರುವುದು. ಬೂದುಗಣ್ಣಿಗೆ ತಾಮ್ರ. ಇಂಥ ತಿಳಿಗಣ್ಣಿನವರು ಕಪ್ಪು ಲೈನರ್ ಬದಲು ಗಾಢ ಕಂದು ಲೈನರ್ ಹಚ್ಚಲಿ. ಕಪ್ಪು ಅವರ ಮುಖದಲ್ಲಿ ಒರಟಾಗಿ ಕೂರುತ್ತದೆ.

ಒಂದು ಮಾತು ಇಲ್ಲಿಯೇ ಹೇಳಬೇಕು. ಕಣ್ಣಿನ ಬಳೆಯ ಹೊರ ಅಂಚಿಗೆ ಬೂದು ಬಿಳುಪಿನ ಉಂಗುರ ಕಂಡರೆ ಅದನ್ನು ಕಣ್ಣಿನ ಬಣ್ಣ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ವಯಸ್ಸಾದವರಲ್ಲಿ ಅದು ಸಾಮಾನ್ಯ. ನಲವತ್ತರ ಒಳಗಿನವರಲ್ಲಿ ಕಂಡರೆ ಡಾಕ್ಟರಿಗೆ ತೋರಿಸಿ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಈಗ ಹಚ್ಚುವ ಕೆಲಸ. ಗಾಢ ಕಂದು ಕಣ್ಣು, ಗೋಧಿ ಬಣ್ಣದ ಇಲ್ಲವೇ ಎಣ್ಣೆಗಪ್ಪು ಮೈಬಣ್ಣ, ಮೇ ತಿಂಗಳ ಮದುವೆ. ಇಲ್ಲಿ ಬಹುತೇಕರಿಗೆ ಬೇಕಾಗುವುದು ಇದೇ.

ರೆಪ್ಪೆಯನ್ನು ಟಿಶ್ಯೂದಿಂದ ಒತ್ತಿ ಒರೆಸಿ, ಎಣ್ಣೆಯ ಜಿಡ್ಡು ಉಳಿಯಬಾರದು. ಹಿಂದಿನ ದಿನ ಅರಿಶಿನ ಹಚ್ಚಿದ್ದರೆ ರೆಪ್ಪೆಯ ಮಡಿಕೆಯಲ್ಲಿ ಹಳದಿ ಉಳಿದೇ ಇರುತ್ತದೆ. ಅದರ ಮೇಲೆ ನೇರಳೆ ಹಚ್ಚಿದರೆ ಎರಡೂ ಕಲೆತು ಕೆಸರಿನ ಕಂದಾಗುತ್ತದೆ. ಅಂಥವರಿಗೆ ಮೊದಲು ಕಲೆ ಮುಚ್ಚುವ ಮೈಬಣ್ಣದ ಕನ್ಸೀಲರ್‌ನ ತೆಳು ಪದರ ಬೇಕು, ಉಳಿದವರಿಗೆ ಬಣ್ಣ ಹಿಡಿದಿಡಲು ಮೊದಲು ಹಚ್ಚುವ ಐ ಪ್ರೈಮರ್ ಸಾಕು. ಒಂದು ಕಣ್ಣಿಗೆ ಒಂದು ಅಕ್ಕಿಕಾಳಿನಷ್ಟು, ಅದಕ್ಕಿಂತ ಹೆಚ್ಚಾದರೆ ಒಂದು ತಾಸಿನಲ್ಲಿ ಮಡಿಕೆಗೆ ಇಳಿದು ಗೆರೆ ಬೀಳುತ್ತದೆ. ಉಂಗುರ ಬೆರಳಿನಿಂದ ತಟ್ಟಿ, ಒಂದು ನಿಮಿಷ ಬಿಡಿ, ಮೇಲೆ ಮೈಬಣ್ಣದ ಮ್ಯಾಟ್, ಅಂದರೆ ಹೊಳಪಿಲ್ಲದ, ಪೌಡರನ್ನು ತೆಳ್ಳಗೆ ಒತ್ತಿ. ಈ ಪೌಡರ್ ತಪ್ಪಿದರೆ ಮುಂದಿನ ಬಣ್ಣ ಹಸಿಯ ಮೇಲೆ ಬಿದ್ದು ಪಟ್ಟೆ ಪಟ್ಟೆಯಾಗುತ್ತದೆ, ಎಷ್ಟು ತಿಕ್ಕಿದರೂ ಹರಡುವುದಿಲ್ಲ.

ನಿಮ್ಮ ಮೈಬಣ್ಣಕ್ಕಿಂತ ಒಂದೆರಡು ಛಾಯೆ ಗಾಢವಾದ ಮ್ಯಾಟ್ ಕಂದನ್ನು ಮೆತ್ತನೆಯ ದುಂಡು ಬ್ರಶ್ಶಿನಲ್ಲಿ ತೆಗೆದುಕೊಂಡು, ಬ್ರಶ್ಶನ್ನು ಡಬ್ಬಿಯ ಅಂಚಿಗೆ ಒಮ್ಮೆ ತಟ್ಟಿ ಹೆಚ್ಚಿನ ಪುಡಿ ಉದುರಿಸಿ. ಕಣ್ಣು ತೆರೆದುಕೊಂಡೇ ಮಡಿಕೆಯಿಂದ ತುಸು ಮೇಲೆ, ಕಾರಿನ ವೈಪರ್ ಆಡಿದ ಹಾಗೆ ಹದಿನೈದು ಇಪ್ಪತ್ತು ಸಲ ಆಡಿಸಿ. ಕಣ್ಣು ಮುಚ್ಚಿ ಹಚ್ಚಿದ್ದು ತೆರೆದಾಗ ಮಡಿಕೆಯೊಳಗೆ ಮಾಯವಾಗುತ್ತದೆ. ಆಮೇಲೆ ಕಂಚಿನ ಶಿಮ್ಮರ್ ರೆಪ್ಪೆಯ ನಡುಭಾಗಕ್ಕೆ. ಇದಕ್ಕೆ ಬ್ರಶ್ ಬೇಡ, ಬೆರಳಿನ ತುದಿಯೇ ಚೆನ್ನ. ಬೆರಳಿನ ಬಿಸುಪಿಗೆ ಹೊಳಪಿನ ಪುಡಿ ಅಂಟಿ ಕೂರುತ್ತದೆ, ಕೆನ್ನೆಗೆ ಉದುರುವುದೂ ಕಡಿಮೆ.

ನೀಲಿ ಪೆನ್ಸಿಲನ್ನು ಒಮ್ಮೆಲೇ ಉದ್ದ ಗೆರೆ ಎಳೆಯಲು ಹೋಗಬೇಡಿ. ಮೇಲಿನ ರೆಪ್ಪೆಗೂದಲಿನ ಬುಡಗಳ ಸಂದಿಯಲ್ಲಿ ಚುಕ್ಕೆ ಚುಕ್ಕೆ ಇಟ್ಟು ಆಮೇಲೆ ಜೋಡಿಸಿ. ಮೂಗಿನ ಕಡೆ ಕೂದಲೆಳೆಯಷ್ಟು, ಹೊರ ತುದಿಗೆ ಬರುವಾಗ ಎರಡು ಮಿಲಿಮೀಟರ್. ಬಹಳ ಹೊತ್ತು ನಿಲ್ಲುವ ಪೆನ್ಸಿಲ್ ಅರ್ಧ ನಿಮಿಷದಲ್ಲಿ ಒಣಗಿಬಿಡುತ್ತದೆ. ಆದ್ದರಿಂದ ಒಂದು ಕಣ್ಣಿಗೆ ಎಳೆದು, ಸಣ್ಣ ಬ್ರಶ್ಶಿನಿಂದ ಅಂಚು ಮೆತ್ತಗೆ ಮಾಡಿ, ಆಮೇಲೆ ಇನ್ನೊಂದು ಕಣ್ಣಿಗೆ ಹೋಗಿ. ಅದೇ ನೀಲಿಯ ಐ ಶ್ಯಾಡೋ ಪುಡಿಯನ್ನು ಗೆರೆಯ ಮೇಲೆ ಒತ್ತಿ, ಉಜ್ಜಬೇಡಿ. ನಮ್ಮ ಬೇಸಿಗೆಯಲ್ಲಿ ಗೆರೆ ಉಳಿಯುವುದು ಈ ಒತ್ತುವಿಕೆಯಿಂದಲೇ. ಪೆನ್ಸಿಲ್ ಎಂದರೆ ಎಣ್ಣೆ ಮತ್ತು ಮೇಣ, ನಲವತ್ತು ಡಿಗ್ರಿಯಲ್ಲಿ ಅದು ಮೆತ್ತಗಾಗುತ್ತದೆ, ರೆಪ್ಪೆಯ ಜಿಡ್ಡು ಸೇರಿದರೆ ಜಾರುತ್ತದೆ. ಪುಡಿ ಆ ಜಿಡ್ಡನ್ನು ಹೀರಿಕೊಂಡು ಹಿಡಿದಿಡುತ್ತದೆ.

ಕಪ್ಪು ಕಾಜಲ್ ಮೇಲಿನ ರೆಪ್ಪೆಯ ಒಳ ಅಂಚಿಗೆ ಮಾತ್ರ. ಕೆಳಗೆ ಹಚ್ಚಲೇಬೇಕಿದ್ದರೆ ಹೊರಗಿನ ಮೂರನೇ ಒಂದು ಭಾಗ ಸಾಕು. ಕೊನೆಗೆ ರೆಪ್ಪೆಗೂದಲು ಬಾಗಿಸುವ ಕರ್ಲರ್, ಆಮೇಲೆ ಎರಡು ಕೋಟ್ ಕಪ್ಪು ಮಸ್ಕಾರಾ. ಮಸ್ಕಾರಾ ಹಚ್ಚಿದ ಮೇಲೆ ಕರ್ಲರ್ ಒತ್ತಿದರೆ ಕೂದಲು ಮುರಿಯುತ್ತದೆ.

ಕಣ್ಣಿನ ಕೆಳಗಿನ ಕಪ್ಪು ವರ್ತುಲದ ಕೆಲಸವನ್ನು ಇಷ್ಟೆಲ್ಲ ಮುಗಿದ ಮೇಲೆ ಮಾಡಿ, ಉದುರಿದ ಪುಡಿಯನ್ನು ಮೊದಲು ಒರೆಸಬಹುದು. ನಮ್ಮ ಮೈಬಣ್ಣಕ್ಕೆ ಕಿತ್ತಳೆ ಛಾಯೆಯ ಕರೆಕ್ಟರ್ ಬೇಕು, ಒಂದೊಂದು ಕಡೆಗೆ ಸಾಸಿವೆ ಕಾಳಿನಷ್ಟು, ಅದರ ಮೇಲೆ ಕನ್ಸೀಲರ್. ಇದನ್ನು ಬಿಟ್ಟು ಕೆಳಗಿನ ರೆಪ್ಪೆಗೆ ನೀಲಿ ಎಳೆದವರು ಮೋಸಹೋಗುತ್ತಾರೆ. ವರ್ತುಲದಲ್ಲೂ ನೀಲಿ ಛಾಯೆ ಇರುತ್ತದೆ, ಗೆರೆಯ ನೀಲಿ ಅದಕ್ಕೆ ದನಿಗೂಡಿಸಿ ಮುಖವೇ ದಣಿದಂತೆ ಕಾಣುತ್ತದೆ. ವರ್ತುಲ ಬಹಳ ಇರುವವರು ನೀಲಿಯನ್ನು ಮೇಲಿನ ರೆಪ್ಪೆಗಷ್ಟೇ ಇಟ್ಟುಕೊಳ್ಳಲಿ.

ಕೆಂಪು, ಗುಲಾಬಿ, ದ್ರಾಕ್ಷಿ ಛಾಯೆಗಳನ್ನು ರೆಪ್ಪೆಗೂದಲಿಗೆ ತಾಗಿಸಿ ಹಚ್ಚಬಾರದು. ಸಂಡೂರು ರಸ್ತೆಯ ಅದಿರು ಲಾರಿಗಳ ದೂಳಿನಲ್ಲಿ ಓಡಾಡಿ ಬಂದ ಕಣ್ಣು ಮೊದಲೇ ಕೆಂಪಾಗಿರುತ್ತದೆ, ಪಕ್ಕದಲ್ಲಿ ಇನ್ನೊಂದು ಕೆಂಪು ಬಂದರೆ ಕಣ್ಣು ಬಂದಿದೆಯೇ ಎಂದು ಎದುರಿಗಿದ್ದವರು ಕೇಳುತ್ತಾರೆ. ನಡುವೆ ಗಾಢ ಕಂದಿನ ಒಂದು ಗೆರೆ ಇರಲಿ.

ತಿಳಿ ಗುಲಾಬಿ, ತಿಳಿ ನೀಲಿಯಂಥ ಹಾಲುಬಣ್ಣಗಳು ಎಣ್ಣೆಗಪ್ಪು ರೆಪ್ಪೆಯ ಮೇಲೆ ಬೂದಿ ಬಳಿದಂತೆ ಕಾಣುವುದು ಮೈಬಣ್ಣದ ತಪ್ಪಲ್ಲ. ಆ ಪುಡಿಯಲ್ಲಿ ಬಿಳಿ ಹೆಚ್ಚು, ಬಣ್ಣ ಕಡಿಮೆ. ಬೇಕೇ ಬೇಕಿದ್ದರೆ ಅದೇ ಬಣ್ಣದ ಗಾಢವಾದ ಕ್ರೀಮ್ ಪೆನ್ಸಿಲ್ ಕೆಳಗೆ ಹಚ್ಚಿ ಮೇಲೆ ಪುಡಿ ಒತ್ತಿ. ಕಣ್ಣು ದೊಡ್ಡದಾಗಿ ಕಾಣಲೆಂದು ಒಳ ಅಂಚಿಗೆ ಅಚ್ಚಬಿಳಿ ಪೆನ್ಸಿಲ್ ಹಾಕುವುದಕ್ಕೂ ಇದೇ ಮಾತು, ಅಲ್ಲಿ ಮೈಬಣ್ಣದ ತಿಳಿ ಪೆನ್ಸಿಲ್ ಹಾಕಿ.

ಸೀರೆಗೆ ಹೊಂದುವ ಐ ಶ್ಯಾಡೋ ಕೇಳುವವರು ಬಹಳ. ಹಸಿರು ಸೀರೆಗೆ ರೆಪ್ಪೆ ತುಂಬ ಹಸಿರು ಬಳಿದರೆ ಫೋಟೋದಲ್ಲಿ ಸೀರೆಯೂ ರೆಪ್ಪೆಯೂ ಕಾಣುತ್ತವೆ, ಕಣ್ಣು ಕಾಣುವುದಿಲ್ಲ. ಬಣ್ಣ ಕಣ್ಣಿಗೆ ಹೊಂದಲಿ. ಸೀರೆಯ ಬಣ್ಣ ತರಲೇಬೇಕಿದ್ದರೆ ರೆಪ್ಪೆಯ ಹೊರ ಮೂಲೆಗೆ ಕಡಲೆಕಾಳಿನಷ್ಟು ಜಾಗ ಕೊಡಿ.

ಕನ್ನಡಕದವರ ಲೆಕ್ಕ ಬೇರೆ. ಮೈನಸ್ ನಂಬರಿನ ಗಾಜು ಕಣ್ಣನ್ನು ಚಿಕ್ಕದು ಮಾಡುತ್ತದೆ, ಅವರಿಗೆ ರೆಪ್ಪೆಯ ಮೇಲೆ ತಿಳಿ ಹೊಳಪು, ತೆಳು ಗೆರೆ. ಪ್ಲಸ್ ಗಾಜು ದೊಡ್ಡದು ಮಾಡಿ ಚಿಕ್ಕ ತಪ್ಪನ್ನೂ ತೋರಿಸುತ್ತದೆ, ಅವರಿಗೆ ಮ್ಯಾಟ್. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೇಕಪ್ಪಿಗೆ ಮೊದಲೇ ಲೆನ್ಸ್ ಹಾಕಿ, ಮೇಕಪ್ ತೆಗೆಯುವ ಮೊದಲೇ ಲೆನ್ಸ್ ತೆಗೆಯಬೇಕು. ಒಳ ಅಂಚಿಗೆ ಕಾಜಲ್ ಬೇಡ, ಉದುರುವ ಗ್ಲಿಟರ್ ಬೇಡವೇ ಬೇಡ.

ಲೆನ್ಸ್ ಇಲ್ಲದವರಿಗೂ ಆ ಒಳ ಅಂಚು ಸೂಕ್ಷ್ಮ ಜಾಗವೇ. ಕಣ್ಣೀರು ಬೇಗ ಆರದಂತೆ ಕಾಯುವ ಎಣ್ಣೆ ಒಸರುವ ಗ್ರಂಥಿಗಳ ಬಾಯಿಗಳು ಅಲ್ಲಿ ಸಾಲಾಗಿವೆ. ದಿನಾ ಕಾಡಿಗೆ ತುಂಬಿ ಹಾಗೆಯೇ ಮಲಗಿದರೆ ಅವು ಕಟ್ಟಿಕೊಂಡು ಕಣ್ಣು ಒಣಗುತ್ತದೆ, ರೆಪ್ಪೆಯಂಚಿಗೆ ಗುಳ್ಳೆ ಏಳುತ್ತದೆ. ಮನೆಯಲ್ಲಿ ದೀಪದ ಮಸಿ ಹಿಡಿದು ತುಪ್ಪದಲ್ಲಿ ಕಲೆಸಿದ ಕಾಡಿಗೆ ನಮ್ಮ ಬೇಸಿಗೆಯಲ್ಲಿ ಡಬ್ಬಿಯೊಳಗೇ ಕರಗಿರುತ್ತದೆ, ಕಣ್ಣಲ್ಲಿ ನಿಲ್ಲುವುದೆಲ್ಲಿ ಬಂತು. ಸಂತೆ, ಜಾತ್ರೆಗಳಲ್ಲಿ ಬಿಡಿಯಾಗಿ ಸಿಗುವ ಸುರ್ಮಾ ಇನ್ನೂ ಕೆಟ್ಟದ್ದು. ಅದರಲ್ಲಿ ಸೀಸದ ಅಂಶ ಇರಬಹುದು, ಮಕ್ಕಳ ಮೆದುಳಿಗೆ ಸೀಸ ವಿಷ. ಬಣ್ಣಕ್ಕಾಗಿ ಸೀಸ ಸೇರಿಸುವುದನ್ನು 2020ರ ಸೌಂದರ್ಯವರ್ಧಕ ನಿಯಮಗಳು ನಿಷೇಧಿಸಿವೆ, ಆದರೆ ಲೇಬಲ್ಲೇ ಇಲ್ಲದ ಪೊಟ್ಟಣಕ್ಕೆ ಯಾರೂ ಹೊಣೆಯಲ್ಲ. ಕೂಸುಗಳ ಕಣ್ಣಿಗಂತೂ ಮನೆಯದಾಗಲಿ ಅಂಗಡಿಯದಾಗಲಿ ಏನನ್ನೂ ಹಚ್ಚಬೇಡಿ.

ಮದುವೆ ಮನೆಯಲ್ಲಿ ಒಂದೇ ಕಾಜಲ್ ಅಕ್ಕನಿಂದ ತಂಗಿಗೆ, ತಂಗಿಯಿಂದ ಅತ್ತಿಗೆಗೆ ಕೈ ಬದಲಾಗುತ್ತದೆ. ಕಣ್ಣುಬೇನೆ ಹರಡುವುದಕ್ಕೆ ಇದಕ್ಕಿಂತ ಸಲೀಸಾದ ದಾರಿಯಿಲ್ಲ. ಪೆನ್ಸಿಲ್ ಆದರೆ ಪ್ರತಿಯೊಬ್ಬರಿಗೂ ಮೊದಲು ಹೆರೆದು, ತುದಿಗೆ ಸ್ಪಿರಿಟ್ ಒರೆಸಿ, ಪೂರ್ತಿ ಆರಿದ ಮೇಲೆ ಬಳಸಬಹುದು. ಲಿಕ್ವಿಡ್ ಲೈನರ್ ಮತ್ತು ಮಸ್ಕಾರಾ ಶುಚಿ ಮಾಡಲು ಬರುವುದಿಲ್ಲ, ಅವು ಒಬ್ಬರಿಗೊಂದು. ಬಿಸಿಲಿಗೆ ಮೆತ್ತಗಾದ ಪೆನ್ಸಿಲ್ ಹೆರೆಯುವಾಗ ಮುರಿಯುತ್ತಿದ್ದರೆ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಹೆರೆಯಿರಿ.

ತೆಗೆಯುವಾಗ ಹತ್ತಿಯನ್ನು ಮೇಕಪ್ ತೆಗೆಯುವ ಮೈಸೆಲ್ಲರ್ ನೀರಿನಲ್ಲಿ ಅಥವಾ ಎರಡು ಹನಿ ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಮುಚ್ಚಿದ ರೆಪ್ಪೆಯ ಮೇಲೆ ಅರ್ಧ ನಿಮಿಷ ಹಿಡಿಯಿರಿ, ಆಮೇಲೆ ಕೆಳಮುಖವಾಗಿ ಒಂದೇ ಸಲ ಎಳೆಯಿರಿ. ಎಣ್ಣೆ ಬಳಸಿದ್ದರೆ ಫೇಸ್‌ವಾಶ್‌ನಿಂದ ತೊಳೆಯಿರಿ, ಆ ಜಿಡ್ಡು ಉಳಿದರೆ ಮರುದಿನದ ಗೆರೆ ನಿಲ್ಲುವುದಿಲ್ಲ. ಮಸ್ಕಾರಾ ತೆರೆದ ದಿನಾಂಕವನ್ನು ಅದರ ಮೇಲೆಯೇ ಮಾರ್ಕರಿನಲ್ಲಿ ಬರೆಯಿರಿ. ಮೂರು ತಿಂಗಳಾದ ಮೇಲೆ ಅರ್ಧ ಉಳಿದಿದ್ದರೂ ಬಿಸಾಡಿ.