ತೆರೆದ ಕಣ್ಣು, ಮಲಗಿರುವ ಮಿದುಳು: ಪುಟ್ಟ ಮಕ್ಕಳ ನಿದ್ರಾಭೀತಿ

ಎರಡು ವರ್ಷದ ಮಗುವಿನ ನಿದ್ರಾಭೀತಿಯನ್ನು ಮೊದಲ ಸಲ ಕಂಡ ತಂದೆತಾಯಿಯರನ್ನು ಅದರ ಕಿರುಚಾಟಕ್ಕಿಂತ ಹೆಚ್ಚಾಗಿ ಕಂಗೆಡಿಸುವುದು ಅದು ತಮ್ಮನ್ನೇ ಗುರುತಿಸದಿರುವುದು. ಮಲಗಿ ಒಂದೆರಡು ಗಂಟೆಯಾಗುವಷ್ಟರಲ್ಲಿ ಮಗು ಥಟ್ಟನೆ ಎದ್ದು ಕುಳಿತು ಚೀರತೊಡಗುತ್ತದೆ. ಕಣ್ಣುಗಳು ಅಗಲವಾಗಿ ತೆರೆದಿರುತ್ತವೆ, ಮೈ ಬೆವರುತ್ತದೆ, ಉಸಿರು ಮತ್ತು ಎದೆಬಡಿತ ಏರುತ್ತವೆ. ಎತ್ತಿಕೊಳ್ಳಲು ಬಂದ ಕೈಗಳನ್ನು ಅದು ಒದ್ದು ತಳ್ಳುತ್ತದೆ. ಹೆಸರು ಹಿಡಿದು ಕರೆದರೆ ಓಗೊಡುವುದಿಲ್ಲ. ಕೆಲವು ನಿಮಿಷಗಳು, ಕೆಲವೊಮ್ಮೆ ಅರ್ಧ ಗಂಟೆಯವರೆಗೂ ಹೀಗೆ ನಡೆದು, ಏನೂ ಆಗಿಲ್ಲವೆಂಬಂತೆ ಮತ್ತೆ ನಿದ್ದೆಗೆ ಜಾರುತ್ತದೆ. ಬೆಳಿಗ್ಗೆ ಎದ್ದಾಗ ಅದಕ್ಕೆ ಇದಾವುದರ ನೆನಪೂ ಇರುವುದಿಲ್ಲ.

ಇದನ್ನು ಕೆಟ್ಟ ಕನಸೆಂದು ಭಾವಿಸುವುದು ಸಹಜ, ಆದರೆ ಎರಡೂ ಹುಟ್ಟುವ ಜಾಗವೇ ಬೇರೆ. ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯಡಿ ವೇಗವಾಗಿ ಚಲಿಸುವ, ಕನಸುಗಳಿಂದ ತುಂಬಿದ ನಿದ್ರೆಯ ಘಟ್ಟವೊಂದಿದೆಯೆಂಬುದನ್ನು ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ವರದಿ ಮಾಡಿದರು. ರೆಮ್ ನಿದ್ರೆ ಎಂದು ಕರೆಯಲಾಗುವ ಈ ಘಟ್ಟ ರಾತ್ರಿಯ ಉತ್ತರಾರ್ಧದಲ್ಲಿ ದೀರ್ಘವಾಗುವುದರಿಂದ ದುಃಸ್ವಪ್ನಗಳೂ ಬಹುತೇಕ ಆಗಲೇ ಬೀಳುತ್ತವೆ. ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ ಹೆಚ್ಚಾಗಿರುವುದು ಮಿದುಳಿನ ಅಲೆಗಳು ನಿಧಾನವಾಗಿ, ಎತ್ತರವಾಗಿ ಏಳುವ ಗಾಢನಿದ್ರೆ. ನಿದ್ರಾಭೀತಿ ಬರುವುದು ಇದರಿಂದ. ಹಾಸಿಗೆ ಒದ್ದೆಮಾಡುವುದು, ನಿದ್ದೆಯಲ್ಲಿ ನಡೆಯುವುದು, ನಿದ್ರಾಭೀತಿ ಮೊದಲಾದವು ಕನಸಿನ ಫಲಗಳಲ್ಲ, ಗಾಢನಿದ್ರೆಯಿಂದ ಎಚ್ಚರಕ್ಕೆ ಬರುವ ಕ್ರಿಯೆಯೇ ಅರ್ಧಕ್ಕೆ ನಿಂತುಹೋಗುವ ತೊಂದರೆಗಳು ಎಂಬ ವಾದವನ್ನು ನಿದ್ರಾಸಂಶೋಧಕ ರೋಜರ್ ಬ್ರೌಟನ್ 1968ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮುಂದಿಟ್ಟರು. ಆದ್ದರಿಂದ ಮಗು ಅತ್ತಾಗ ಗಡಿಯಾರ ನೋಡುವುದು ಸಣ್ಣ ಕೆಲಸವಾದರೂ ತುಂಬ ಉಪಯುಕ್ತ. ನಸುಕಿನಲ್ಲಿ ಅಳುತ್ತಾ ಎದ್ದು, ಅಮ್ಮನನ್ನು ಗುರುತಿಸಿ ಅಪ್ಪಿಕೊಳ್ಳುವ ಮಗು ಕನಸಿಗೆ ಹೆದರಿದೆ. ಅದಕ್ಕೆ ಸಾಂತ್ವನ ಬೇಕು. ಮಲಗಿದ ಸ್ವಲ್ಪ ಹೊತ್ತಿಗೇ ಚೀರುತ್ತಾ ಅಪ್ಪುಗೆಯನ್ನು ತಳ್ಳುವ ಮಗು ಇನ್ನೂ ನಿದ್ರಿಸುತ್ತಿದೆ.

ಕಣ್ಣು ಬಿಟ್ಟು ಕೂಗುವ ಮಗುವನ್ನು ನಿದ್ರಿಸುತ್ತಿದೆಯೆಂದು ಹೇಗೆ ಹೇಳುವುದು? ಅಪಸ್ಮಾರದ (ಮೂರ್ಛೆರೋಗದ) ಚಿಕಿತ್ಸೆಗಾಗಿ ಮಿದುಳಿನೊಳಗೆ ವಿದ್ಯುದಗ್ರಗಳನ್ನು (ಮಿದುಳಿನ ಅಲೆಗಳನ್ನು ದಾಖಲಿಸುವ ಸಣ್ಣ ತಂತಿಗಳನ್ನು) ಇರಿಸಲಾಗಿದ್ದ ಕೆಲವು ರೋಗಿಗಳಲ್ಲಿ ಆಕಸ್ಮಿಕವಾಗಿ ದಾಖಲಾದ ಇಂತಹ ಅರೆ ಎಚ್ಚರದ ಗಳಿಗೆಗಳು ಇದಕ್ಕೆ ಉತ್ತರ ಕೊಟ್ಟಿವೆ. ಚಲನೆಯನ್ನು ನಡೆಸುವ ಮತ್ತು ಭಾವೋದ್ರೇಕಕ್ಕೆ ಸಂಬಂಧಿಸಿದ ಕೆಲವು ಭಾಗಗಳಲ್ಲಿ ಎಚ್ಚರದ ಅಲೆಗಳು ಕಾಣಿಸಿಕೊಂಡ ಅದೇ ಕ್ಷಣದಲ್ಲಿ, ವಿವೇಚನೆಗೆ ಬೇಕಾದ ಮುಂಭಾಗದ ಹೊರಪದರದಲ್ಲಿ ಗಾಢನಿದ್ರೆಯ ಅಲೆಗಳೇ ಮುಂದುವರಿದಿದ್ದವು. ನಿದ್ರೆ ಇಡೀ ಮಿದುಳಿಗೆ ಒಮ್ಮೆಲೇ ಬರುವ, ಒಮ್ಮೆಲೇ ಹೋಗುವ ಸ್ಥಿತಿಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ನಿದ್ರಾವಿಜ್ಞಾನದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವ ತಿಳಿವಳಿಕೆಗಳಲ್ಲಿ ಇದೂ ಒಂದು. ಮಗು ನಮ್ಮನ್ನು ತಿರಸ್ಕರಿಸುತ್ತಿಲ್ಲ, ಗುರುತಿಸಬೇಕಾದ ಭಾಗವೇ ಇನ್ನೂ ಎದ್ದಿಲ್ಲ ಎಂದು ಅರಿತ ತಂದೆತಾಯಿಯರ ಎದೆಯ ಭಾರ ಎಷ್ಟೋ ಇಳಿಯುತ್ತದೆ.

ಇದು ಅಪರೂಪದ ತೊಂದರೆಯೂ ಅಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಕ್ಕಳನ್ನು ಹಲವು ವರ್ಷ ಅನುಸರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೂವರೆ ವರ್ಷದ ಮಕ್ಕಳಲ್ಲಿ ಶೇ 34ರಷ್ಟು ಮಂದಿಗೆ ನಿದ್ರಾಭೀತಿ ಇದ್ದುದು ಕಂಡುಬಂತು. ಐದನೆಯ ವಯಸ್ಸಿಗೆ ಅದು ಶೇ 13ಕ್ಕೂ, ಹದಿಮೂರರ ಹೊತ್ತಿಗೆ ಶೇ 5ಕ್ಕೂ ಇಳಿದಿತ್ತು. ಅವಳಿ ಮಕ್ಕಳ ಅಧ್ಯಯನಗಳು ಅನುವಂಶೀಯತೆಯ ಪಾತ್ರವನ್ನೂ ತೋರಿಸಿವೆ. ಸಾಕುವುದರಲ್ಲಿ ಏನೋ ತಪ್ಪಾಗಿದೆ, ಮಗುವಿನ ಮನಸ್ಸಿಗೆ ಯಾವುದೋ ಗಾಯವಾಗಿದೆ ಎಂದು ತಮ್ಮನ್ನು ತಾವೇ ದೂರಿಕೊಳ್ಳುವ ಪೋಷಕರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ದಣಿದಷ್ಟೂ ಮಗು ನೆಮ್ಮದಿಯಾಗಿ ಮಲಗುತ್ತದೆ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಎಚ್ಚರವಿದ್ದಷ್ಟು ಹೊತ್ತೂ ನಿದ್ರೆಯ ಒತ್ತಡ ಕೂಡುತ್ತಾ ಹೋಗುತ್ತದೆಂದೂ, ಅದು ಹೆಚ್ಚಿದಷ್ಟೂ ಮುಂದಿನ ಗಾಢನಿದ್ರೆ ತೀವ್ರವಾಗುತ್ತದೆಂದೂ 1982ರಲ್ಲಿ ನಿದ್ರಾಸಂಶೋಧಕ ಅಲೆಕ್ಸಾಂಡರ್ ಬೋರ್ಬೆಲಿ ಮಂಡಿಸಿದ ಮಾದರಿ ಹೇಳುತ್ತದೆ. ನಿದ್ದೆಗೆಟ್ಟ ಮಗು ಅಷ್ಟೇ ಆಳಕ್ಕೆ ಇಳಿಯುತ್ತದೆ. ಆ ಆಳದಿಂದ ಮೇಲೇಳುವಾಗ ಪೂರ್ತಿ ಎಚ್ಚರಗೊಳ್ಳಲಾರದೆ ನಡುವೆ ಸಿಕ್ಕಿಕೊಳ್ಳುತ್ತದೆ. ಹಗಲುನಿದ್ದೆಯನ್ನು ಬಿಡತೊಡಗುವ ವಯಸ್ಸಿನಲ್ಲಿ, ಪ್ರಯಾಣ ಮಾಡಿ ಬಂದ ದಿನ, ಜ್ವರದಲ್ಲಿ, ಹೊಸ ಜಾಗದಲ್ಲಿ ಈ ಚೀತ್ಕಾರ ಹೆಚ್ಚುವುದಕ್ಕೆ ಕಾರಣಗಳನ್ನು ಇಲ್ಲೇ ಹುಡುಕಬೇಕು. ತುಂಬಿದ ಮೂತ್ರಕೋಶ ಅಥವಾ ಸದ್ದು ಗಾಢನಿದ್ರೆಯನ್ನು ಕಲಕಿದರೂ ಸಾಕು. ಹಾಗಾಗಿ ನಿದ್ರಾಭೀತಿಗೆ ಮೊದಲ ಮದ್ದು ನಿದ್ದೆಯೇ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲುನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ಇದಕ್ಕಿಂತ ಕಡಿಮೆಯಿದ್ದರೆ ರಾತ್ರಿ ಅರ್ಧ ಗಂಟೆ ಬೇಗ ಮಲಗಿಸಿ, ದಿನವೂ ಅದೇ ಹೊತ್ತನ್ನು ಪಾಲಿಸಿ, ಬಿಟ್ಟುಹೋದ ಹಗಲುನಿದ್ದೆಯನ್ನು ಮತ್ತೆ ರೂಢಿಸಿ ನೋಡುವುದು ಯಾವ ಔಷಧಿಗಿಂತಲೂ ಮೊದಲು ಮಾಡಬೇಕಾದದ್ದು. ವೈದ್ಯರನ್ನು ಕೇಳದೆ ಮಂಪರು ತರಿಸುವ ಸಿರಪ್ ಕುಡಿಸುವುದು ಮಾತ್ರ ಸರ್ವಥಾ ಸಲ್ಲದು.

ಚೀರಾಟದ ಗಳಿಗೆಯಲ್ಲಿ ಮಾಡಬೇಕಾದದ್ದು ಬಹಳ ಕಡಿಮೆ, ಆದರೆ ಅದೇ ಕಷ್ಟ. ಅಲುಗಾಡಿಸಿ ಎಬ್ಬಿಸಲು, ಬಿಗಿಯಾಗಿ ಹಿಡಿದಿಡಲು, ಮುಖಕ್ಕೆ ನೀರು ಚಿಮುಕಿಸಲು ಹೋದರೆ ಗೊಂದಲ ಇನ್ನಷ್ಟು ಹೊತ್ತು ಎಳೆಯುತ್ತದೆ. ಮಂದ ಬೆಳಕಿನಲ್ಲಿ ಹತ್ತಿರವೇ ಕುಳಿತು, ಮಂಚದಿಂದ ಬೀಳದಂತೆ, ಗೋಡೆಗೆ ತಲೆ ಬಡಿಯದಂತೆ ಕೈ ಅಡ್ಡವಿಟ್ಟು ಕಾಯಬೇಕು. ಮೆಲುದನಿಯ ಮಾತನ್ನು ಮಗು ಸಹಿಸಿದರೆ ಮಾತನಾಡಬಹುದು. ಮರುದಿನ ‘ರಾತ್ರಿ ಯಾಕೆ ಹಾಗೆ ಕಿರುಚಿದೆ’ ಎಂದು ವಿಚಾರಿಸುವುದು, ನೆನಪೇ ಇಲ್ಲದ ಮಗುವಿಗೆ ಮಲಗುವುದೆಂದರೆ ಭಯಪಡುವಂಥದ್ದೆಂದು ಹೇಳಿಕೊಟ್ಟಂತೆ.

ನಿದ್ರಾಭೀತಿ ಪ್ರತಿರಾತ್ರಿ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಬರುವುದಾದರೆ ಇನ್ನೊಂದು ದಾರಿಯಿದೆ. ಬ್ರಿಟನ್ನಿನ ಮಕ್ಕಳ ಮನೋವೈದ್ಯ ಬ್ರಯಾನ್ ಲಾಸ್ಕ್ 1988ರಲ್ಲಿ 19 ಮಕ್ಕಳ ಮೇಲೆ ನಡೆಸಿದ ಪ್ರಯೋಗವನ್ನು ವರದಿ ಮಾಡಿದರು. ಹಲವು ರಾತ್ರಿ ಸಮಯ ಬರೆದಿಟ್ಟುಕೊಂಡು, ಭೀತಿ ಬರುವ ಹತ್ತು ಹದಿನೈದು ನಿಮಿಷ ಮುಂಚೆ ಮಗುವನ್ನು ಎಬ್ಬಿಸಿ, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಮಲಗಿಸುವುದು ಈ ಕ್ರಮ. ಚಿಕ್ಕ ವರದಿಯಾದರೂ ಅದರ ಫಲಿತಾಂಶ ಆಶಾದಾಯಕವಾಗಿತ್ತು. ಆದರೆ ನಿದ್ದೆಯ ಕೊರತೆ ತುಂಬದೆ ಈ ಕ್ರಮಕ್ಕೆ ಕೈಹಾಕುವುದು ನನಗೆ ಸರಿಯೆನಿಸುವುದಿಲ್ಲ, ಏಕೆಂದರೆ ಎಬ್ಬಿಸುವುದೂ ನಿದ್ದೆಯನ್ನು ಕತ್ತರಿಸುವುದೇ.

ನಿದ್ರಾಭೀತಿಯಿರುವ ಮಗುವಿನ ಗೊರಕೆಯನ್ನು ಯಾರೂ ಹಗುರವಾಗಿ ಕಾಣಬಾರದು, ಅದು ಉಸಿರಾಟದ ತೊಡಕಿನ ಸೂಚನೆಯಿರಬಹುದು. ನಿದ್ರಾತಜ್ಞ ಕ್ರಿಶ್ಚಿಯನ್ ಗಿಲ್‌ಮಿನೊ ಅವರ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿದ್ರಾಭೀತಿ ಅಥವಾ ನಿದ್ರಾನಡಿಗೆ ಪದೇಪದೇ ಕಾಡುತ್ತಿದ್ದ 84 ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ನಿದ್ದೆಯಲ್ಲಿ ಉಸಿರಾಟದ ತೊಡಕಿತ್ತು. ಟಾನ್ಸಿಲ್ ಮತ್ತು ಅಡಿನಾಯ್ಡ್ (ಮೂಗಿನ ಹಿಂಬದಿಯ ಅಂಗಾಂಶ) ತೆಗೆಸಿ ಉಸಿರಿನ ದಾರಿ ಸರಿಪಡಿಸಿದವರಲ್ಲಿ ರಾತ್ರಿಯ ಕಾಟವೂ ನಿಂತಿತ್ತು. ಕಬ್ಬಿಣಾಂಶದ ಕೊರತೆಯಿಂದ ಕಾಲುಗಳು ಚಡಪಡಿಸುವ ಮಕ್ಕಳೂ ಪರೀಕ್ಷೆಗೆ ಒಳಗಾಗಬೇಕು. ಒಂದೇ ರಾತ್ರಿಯಲ್ಲಿ ಹಲವು ಸಲ, ಪ್ರತಿ ಸಲವೂ ಅಚ್ಚುಹಾಕಿದಂತೆ ಅದೇ ಚಲನೆಗಳೊಂದಿಗೆ, ಒಂದೆರಡು ನಿಮಿಷದೊಳಗೆ ಮುಗಿಯುವ ಘಟನೆಗಳು ಅಪಸ್ಮಾರದವಿರಬಹುದು. ಫೋನಿನಲ್ಲಿ ಚಿತ್ರೀಕರಿಸಿ ಮಕ್ಕಳ ವೈದ್ಯರಿಗೆ ತೋರಿಸಿದರೆ ನೂರು ಮಾತಿನ ವಿವರಣೆಯೂ ಕೊಡಲಾಗದ ಮಾಹಿತಿ ಅವರಿಗೆ ಸಿಗುತ್ತದೆ.

ಇಷ್ಟೆಲ್ಲದರ ನಡುವೆ ನಿದ್ದೆ ಹಾಳಾಗುವುದು ಮಗುವಿಗಿಂತ ಮನೆಯ ದೊಡ್ಡವರಿಗೇ. ಮನೆಯಲ್ಲಿ ಇಬ್ಬರಿದ್ದರೆ ರಾತ್ರಿಗಳನ್ನು ಹಂಚಿಕೊಂಡು, ಸರದಿಯಲ್ಲದವರು ಬೇರೆ ಕೋಣೆಯಲ್ಲಿ ಬಾಗಿಲು ಮುಚ್ಚಿ ಮಲಗುವುದು ಒಳ್ಳೆಯದು. ಮೊದಲ ಕೆಲವು ಗಂಟೆಗಳ ಪಾಳಿ ಒಬ್ಬರದು, ನಸುಕಿನ ಪಾಳಿ ಇನ್ನೊಬ್ಬರದು ಎಂದು ವಿಭಾಗಿಸಿಕೊಂಡರೆ ಇಬ್ಬರಿಗೂ ದಿನಕ್ಕೊಮ್ಮೆಯಾದರೂ ತಡೆಯಿಲ್ಲದ ನಿದ್ದೆ ದೊರಕುತ್ತದೆ.