ತಗ್ಗು ಸೀಲಿಂಗ್, ಮಾಸಿದ ಕಪ್ಪು

ಮನೆಯ ತಗ್ಗು ಸೀಲಿಂಗಿನ ಕೋಣೆಯಲ್ಲಿ ಪ್ರೊಜೆಕ್ಟರ್ ಹಾಕಿ ಸಿನಿಮಾ ನೋಡುವವರು ಮೊದಲು ಒಂದು ವಿಷಯ ತಿಳಿದಿರಬೇಕು. ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಮೂಡಿಸಲು ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಬೆಳಕು ಚೆಲ್ಲುವುದು ಮಾತ್ರ. ಸ್ಕ್ರೀನಿನ ಮೇಲೆ ನಾಯಕಿಯ ಜಡೆ ಕಪ್ಪಗೆ ಕಂಡರೆ, ಅಲ್ಲಿರುವುದು ಬೆಳಕು ಬೀಳದ ಬಿಳಿ ಪರದೆ, ಅಷ್ಟೇ! ಪಕ್ಕದಲ್ಲಿ ಜೋರು ಬೆಳಕಿರುವುದರಿಂದ ನಮ್ಮ ಕಣ್ಣು ಅದನ್ನು ಕಪ್ಪು ಅಂತ ಒಪ್ಪಿಕೊಳ್ಳುತ್ತದೆ. 1995ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ದೃಷ್ಟಿ ವಿಜ್ಞಾನಿ ಎಡ್ವರ್ಡ್ ಏಡಲ್ಸನ್ ಚದುರಂಗದ ಹಾಸಿನ ಒಂದು ಚಿತ್ರ ಮಾಡಿದರು. ಅದರಲ್ಲಿ ಎರಡು ಮನೆಗಳದ್ದು ಒಂದೇ ಬೂದು ಬಣ್ಣ. ಆದರೂ ನೆರಳಿನೊಳಗಿನದ್ದು ಬಿಳಿ ಮನೆಯಂತೆ, ಹೊರಗಿನದ್ದು ಕಪ್ಪು ಮನೆಯಂತೆ ಕಾಣುತ್ತದೆ. ಎರಡೂ ಒಂದೇ ಅಂತ ಗೊತ್ತಾದ ಮೇಲೂ ಹಾಗೆಯೇ ಕಾಣುತ್ತದೆ! ಕಣ್ಣು ಅಕ್ಕಪಕ್ಕ ಹೋಲಿಸಿಯೇ ತೀರ್ಮಾನ ಮಾಡುವುದು.

ತಗ್ಗು ಸೀಲಿಂಗಿನ ಕೋಣೆಯಲ್ಲಿ ಎಲ್ಲರೂ ಎತ್ತರ ಸಾಲದು ಅಂತ ಕೊರಗುತ್ತಾರೆ. ಎತ್ತರಕ್ಕೆ ಏನಾದರೂ ದಾರಿ ಸಿಗುತ್ತದೆ. ಚಿತ್ರವನ್ನು ನಿಜಕ್ಕೂ ಕೆಡಿಸುವುದು ಸೀಲಿಂಗಿನ ಬಿಳಿ ಪೇಂಟ್. ಸ್ಕ್ರೀನಿಗೆ ಬಿದ್ದ ಬೆಳಕು ನಮ್ಮ ಕಡೆಗಷ್ಟೇ ಬರುವುದಿಲ್ಲ, ಎಲ್ಲ ದಿಕ್ಕಿಗೂ ಚದುರುತ್ತದೆ. ಸೀಲಿಂಗ್ ತಗ್ಗಾಗಿದ್ದರೆ ಅದು ಸ್ಕ್ರೀನಿನ ತಲೆಯ ಮೇಲೆಯೇ ಇರುತ್ತದೆ. ಬೆಳಕು ಅಲ್ಲಿಗೆ ಜಾಸ್ತಿ ತಾಗಿ, ಜಾಸ್ತಿ ವಾಪಸ್ ಬರುತ್ತದೆ. ಬಂದದ್ದು ಬಿಳಿ ಜಾಗ, ಕಪ್ಪು ಜಾಗ ಅಂತ ನೋಡದೆ ಎಲ್ಲ ಕಡೆ ಬೀಳುತ್ತದೆ.

ಲೆಕ್ಕ ಹಾಕಿ ನೋಡಿ. ಬಿಳಿ ಭಾಗದ ಬೆಳಕು 100, ಕಪ್ಪು ಭಾಗದ್ದು 0.1 ಅಂದುಕೊಳ್ಳಿ. ಅನುಪಾತ 1000ಕ್ಕೆ 1. ಸೀಲಿಂಗಿನಿಂದ ಎರಡೂ ಕಡೆಗೆ ಬರೀ 1 ಸೇರಿತು. ಈಗ 101 ಮತ್ತು 1.1. ಅನುಪಾತ ಸುಮಾರು 92ಕ್ಕೆ ಇಳಿಯಿತು! ಹಗಲಲ್ಲಿ ಹಚ್ಚಿದ ಹಣತೆ ಇದ್ದರೂ ಇಲ್ಲದಂತೆ, ಕತ್ತಲ ಕೋಣೆಯಲ್ಲಿ ಅದೇ ಹಣತೆ ಗೋಡೆಯನ್ನೆಲ್ಲ ತೋರಿಸುತ್ತದೆ, ಅಲ್ವಾ? ‘ಜಾಸ್ತಿ ಲ್ಯೂಮೆನ್ಸ್ (ಬೆಳಕಿನ ಅಳತೆ) ಇರುವ ಪ್ರೊಜೆಕ್ಟರ್ ತಗೊಳ್ಳಿ, ಸರಿಹೋಗುತ್ತೆ’ ಅನ್ನುವ ಸಲಹೆ ಕೇಳಿದರೆ ನನಗೆ ಬೇಸರವಾಗುವುದು ಇದಕ್ಕೇ. ಬೆಳಕು ಎರಡರಷ್ಟಾದರೆ ಸೀಲಿಂಗಿನಿಂದ ವಾಪಸ್ ಬರುವುದೂ ಎರಡರಷ್ಟಾಗುತ್ತದೆ. ಅನುಪಾತ ಇದ್ದಲ್ಲೇ ಇರುತ್ತದೆ.

ನಂಬಿಕೆ ಬರದಿದ್ದರೆ ಮೇಲರ್ಧ ಬಿಳಿ, ಕೆಳಗರ್ಧ ಕಪ್ಪು ಇರುವ ಚಿತ್ರವೊಂದನ್ನು ಹಾಕಿ. ಸ್ಕ್ರೀನಿನ ಮುಂದೆ ಸೀಲಿಂಗಿಗೆ ಅಗಲವಾದ ಕಪ್ಪು ಬಟ್ಟೆ ಹಿಡಿಯಲು ಇಬ್ಬರಿಗೆ ಹೇಳಿ. ಬಟ್ಟೆ ಮೇಲೆ ಹೋದಾಗ ಕೆಳಗಿನ ಕಪ್ಪು ಇನ್ನಷ್ಟು ಆಳವಾಗುವುದನ್ನು ಕಣ್ಣಾರೆ ನೋಡಬಹುದು. ಇಡೀ ಸೀಲಿಂಗ್ ಬಳಿಯಲು ಆಗದಿದ್ದರೆ ಸ್ಕ್ರೀನಿನ ಹತ್ತಿರದ ಕೆಲವು ಅಡಿಗಾದರೂ ಹೊಳಪಿಲ್ಲದ ಗಾಢ ಬಣ್ಣ ಹಚ್ಚಿ. ಕೋಣೆ ಇನ್ನೂ ಕುಗ್ಗಿದಂತೆ ಕಂಡೀತು ಅನ್ನುವ ಭಯ ಬೇಡ. ದೀಪ ಆರಿಸಿದ ಮೇಲೆ ಸೀಲಿಂಗ್ ಕಾಣುವುದು ಅದಕ್ಕೆ ಬೆಳಕು ತಾಗಿ ವಾಪಸ್ ಬಂದರೆ ಮಾತ್ರ.

ಇನ್ನು ಪ್ರೊಜೆಕ್ಟರ್ ತೂಗುಹಾಕುವುದು. ಓರೆಯಾಗಿಟ್ಟು, ಸೊಟ್ಟಗಾದ ಚಿತ್ರವನ್ನು ತಿದ್ದುವ ಕೀಸ್ಟೋನ್ ಬಟನ್ ಒತ್ತಿಬಿಡಬೇಡಿ. ಅದು ಚಿತ್ರವನ್ನು ಕುಗ್ಗಿಸಿ ಆಕಾರ ಸರಿಮಾಡುತ್ತದೆ, ಅಂಚಿನ ಪಿಕ್ಸೆಲ್‌ಗಳು ಸುಮ್ನೆ ಕೂರುತ್ತವೆ. ಅವು ಪೂರ್ತಿ ಆರುವುದೂ ಇಲ್ಲ. ಚಿತ್ರದ ಸುತ್ತ ಮಾಸಲು ಬೂದು ಬೆಳಕು ಸೋರುತ್ತಿರುತ್ತದೆ. ಲೆನ್ಸ್ ಶಿಫ್ಟ್ ಇರುವ ಪ್ರೊಜೆಕ್ಟರ್‌ನಲ್ಲಿ ಲೆನ್ಸೇ ಮೇಲೆ ಕೆಳಗೆ ಸರಿಯುತ್ತದೆ. ಪಿಕ್ಸೆಲ್ ಒಂದೂ ಹಾಳಾಗುವುದಿಲ್ಲ.

ಎತ್ತರದ ವಿಷಯಕ್ಕೆ ಬಂದರೆ, ಟಿವಿಯಂತೆ 16:9ರ (ಅಗಲ 16 ಪಾಲು, ಎತ್ತರ 9 ಪಾಲು), ಮೂಲೆಯಿಂದ ಮೂಲೆಗೆ 100 ಇಂಚಿನ ಸ್ಕ್ರೀನ್ ಸುಮಾರು 87 ಇಂಚು ಅಗಲ, 49 ಇಂಚು ಎತ್ತರ. ಅಷ್ಟೇ ಅಗಲದಲ್ಲಿ, ಅಗಲ ಸಿನಿಮಾಗಳ ಆಕಾರದ 2.35:1 ಸ್ಕ್ರೀನ್ ಹಾಕಿದರೆ 37 ಇಂಚು ಎತ್ತರ ಸಾಕು. ಒಂದು ಅಡಿ ಉಳಿಯಿತು. ಈ ಅಗಲ ಚಿತ್ರದ ಹಿಂದಿರುವುದು ಫ್ರಾನ್ಸಿನ ಆನ್ರಿ ಕ್ರೆಟಿಯೆನ್. ವೃತ್ತಿಯಿಂದ ಖಗೋಳ ವಿಜ್ಞಾನಿ. ಹಬಲ್ ದೂರದರ್ಶಕದ ಕನ್ನಡಿಗಳ ವಿನ್ಯಾಸದಲ್ಲೂ ಅವರ ಹೆಸರಿದೆ. ಅಗಲ ದೃಶ್ಯವನ್ನು ಫಿಲ್ಮಿನಲ್ಲಿ ಹಿಂಡಿ ಪರದೆಯ ಮೇಲೆ ಮತ್ತೆ ಹಿಗ್ಗಿಸುವ ಅವರ ಲೆನ್ಸಿನ ಉಪಾಯದಿಂದಲೇ 1953ರಲ್ಲಿ ಸಿನಿಮಾಸ್ಕೋಪ್ ಅನ್ನುವ ಅಗಲ ಪರದೆಯ ಸಿನಿಮಾ ಬಂತು. ಟಿವಿ ಕಾರ್ಯಕ್ರಮಗಳನ್ನೇ ಜಾಸ್ತಿ ನೋಡುವವರಿಗೆ ಮಾತ್ರ ಈ 2.35:1 ಸ್ಕ್ರೀನ್ ಹೊಂದುವುದಿಲ್ಲ. 37 ಇಂಚು ಎತ್ತರದಲ್ಲಿ 16:9 ಚಿತ್ರದ ಅಗಲ 66 ಇಂಚಿಗೇ ನಿಲ್ಲುತ್ತದೆ, ಎರಡೂ ಬದಿ ಖಾಲಿ ಉಳಿಯುತ್ತದೆ.